ಒಂದನೇ ನಂಬರಿನ ತಿರುಮಲೇಶ

ತಿರುಮಲೇಶನ ಆ ದಿನದ ಫಜೀತಿಗೆಲ್ಲ ಮೂಲ, "ಆಮೇಲೆ ನೋಡಿಕೊಂಡರಾಯಿತು" ಎಂದು ಅವನು ಬರೆಯದೆ ಬಿಟ್ಟ ನಾಲ್ಕೇ ನಾಲ್ಕು ಸಾಲು. ಅದು ಅವನಿಗೆ ನೆನಪಾದದ್ದು ಬೆಳಗ್ಗೆ ಹತ್ತು ಗಂಟೆಗೆ. ಅಷ್ಟರಲ್ಲಿ ಕಾಲ ಮಿಂಚಿತ್ತು.

ಬೈಕುಲ್ಲಾದ ಆ ಪಂಪು ಕಂಪನಿಯಲ್ಲಿ ಕಾರ್ಖಾನೆಗೆ ತಾಗಿದಂತೆ ಎರಡು ಫ್ಲ್ಯಾಟು ಖಾಲಿಯಾಗಿದ್ದವು. ಶಿಫಾರಸಿನವರ ಕಾಟ ತಾಳಲಾರದೆ ಜನರಲ್ ಮ್ಯಾನೇಜರ್ ಹಂಚಿನಮನಿ ಸಾಹೇಬರು ಒಂದು ಅಪ್ಪಣೆ ಹೊರಡಿಸಿದ್ದರು. ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಬೇಕಾದವರು ತಮ್ಮ ಮಹಡಿಯ ಕೀಬೋರ್ಡಿನಲ್ಲಿ ಹೆಸರು ಒತ್ತಬೇಕು, ಅದು ತಂತಿಯಲ್ಲಿ ಕಂಪ್ಯೂಟರ್ ಕೋಣೆಯ ಮಷೀನಿಗೆ ಬರುತ್ತದೆ. ಮೊದಲು ಒತ್ತಿದ ಇಬ್ಬರಿಗೆ ಮನೆ. ಸಂಜೆ ಐದಕ್ಕೆ ಎಲ್ಲರೆದುರಿಗೆ ಪಟ್ಟಿ ಅಚ್ಚಾಗುವವರೆಗೆ ಅದು ಯಾರ ಕಣ್ಣಿಗೂ ಬೀಳಬಾರದು, ಸಾಹೇಬರ ಕಣ್ಣಿಗೂ.

ಪ್ರೋಗ್ರಾಮು ಬರೆದವನು ನಮ್ಮ ತಿರುಮಲೇಶ. ಬುಧವಾರ ಬೆಳಗ್ಗೆ ಏಳಕ್ಕೇ ಬಂದು ಹಳೆಯ ಮಷೀನಿನಲ್ಲಿ ಅದನ್ನು ಓಡಿಸಿ, ಮೊಟ್ಟಮೊದಲು ತನ್ನ ಹೆಸರನ್ನೇ ಒತ್ತಿದ. ಅದು ನ್ಯಾಯವೇ ಎಂದು ಕೇಳಬೇಡಿ. ಬೊರಿವಲಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಹೆಂಡತಿಯ ಅಣ್ಣನ ಸಂಸಾರದ ಜೊತೆ ಮೂರು ವರ್ಷ ಇದ್ದು ಬನ್ನಿ, ಆಮೇಲೆ ಕೇಳಿ.

ಆ ಭಾವ ರಾಮಸ್ವಾಮಿ ಕೆಟ್ಟವರಲ್ಲ. ಆದರೆ ಮನೆಯ ಪ್ರತಿಯೊಂದು ಪಾತ್ರೆಯ ಮೇಲೂ ತಮ್ಮ ಹೆಸರು ಕೆತ್ತಿಸಿದ್ದರು. ಕೊಳಗ, ಲೋಟ, ಕೊನೆಗೆ ಉಪ್ಪಿನಕಾಯಿ ಚಮಚದ ಮೇಲೂ "ಬಿ. ರಾಮಸ್ವಾಮಿ, ಬೊರಿವಲಿ". ತಿರುಮಲೇಶ ಹೊರಡುವಾಗ ಸುಮಿತ್ರಾ ಊಟದ ಡಬ್ಬಿ ಕೈಗಿಟ್ಟು ಪಿಸುಗುಟ್ಟಿದ್ದಳು, "ರೀ, ನಿಮ್ಮ ಹೆಸರಿರೋ ಒಂದು ಲೋಟದಲ್ಲಿ ಕಾಫಿ ಕುಡೀಬೇಕು ನಾನು. ಅಷ್ಟೇ ಕೇಳ್ತಿರೋದು. ಇವತ್ತು ಬರಿಗೈಲಿ ಬರಬೇಡಿ." ಅವಳ ಕಣ್ಣು ತುಂಬಿದ್ದು ಕಂಡು ಅವನು ಡಬ್ಬಿಯನ್ನು ಎದೆಗವಚಿಕೊಂಡು ಹೊರಟಿದ್ದ.

ಹೆಸರು ಒತ್ತಿ, ಇರಾನಿ ಹೋಟೆಲಿನಲ್ಲಿ ಎರಡು ಬನ್ ಮಸ್ಕಾ ಹೊಡೆದು, ಒಂಬತ್ತೂವರೆಗೆ ವಾಪಸು ಬಂದಾಗ ಮೆಟ್ಟಿಲಲ್ಲಿ ಜೊತೆಗಾರ ಶೇಖರ ಎದುರಾದ. "ಎಲ್ಲ ಸರಿ ಮಾಡಿ ಇಟ್ಟಿದ್ದೇನೆ ಮಾರಾಯ. ನೀನು ಆರಾಮ ಕೂತ್ಕೋ. ಪ್ರಿಂಟರಿನ ರಿಬ್ಬನ್ ಮುಗಿದಿದೆ, ಗೋರೆಗಾಂವ್‌ಗೆ ಹೋಗಿ ತರ್ತೇನೆ" ಎಂದು ಓಡಿದ.

ಆರಾಮಾಗಿ ಕೂತಾಗಲೇ ಆ ನಾಲ್ಕು ಸಾಲು ನೆನಪಾದದ್ದು. ಬಂದ ಹೆಸರುಗಳನ್ನು ಡಿಸ್ಕಿಗೆ ಬರೆದಿಡು ಎಂದು ಪ್ರೋಗ್ರಾಮಿಗೆ ಹೇಳುವ ಸಾಲುಗಳವು. ಅವು ಇಲ್ಲದ್ದರಿಂದ ಪ್ರೋಗ್ರಾಮು ಎಲ್ಲರ ಹೆಸರನ್ನೂ ಬರೀ ತಲೆಯಲ್ಲಿ ಇಟ್ಟುಕೊಂಡು ಕೂತಿತ್ತು. ಮಷೀನು ಒಂದು ಕ್ಷಣ ಆರಿದರೂ ಎಲ್ಲ ಮರೆತುಹೋಗುತ್ತದೆ. ಈಗ ಆ ಸಾಲು ಸೇರಿಸೋಣವೆಂದರೆ ಪ್ರೋಗ್ರಾಮು ನಿಲ್ಲಿಸಬೇಕು, ನಿಲ್ಲಿಸಿದರೆ ಹೆಸರು ಹೋಯಿತು. ಅಯ್ಯೋ ನನ್ನ ಕರ್ಮವೇ ಎಂದು ತಿರುಮಲೇಶ ಕುರ್ಚಿ ಎಳೆದು ಹಳೆಯ ಮಷೀನಿನ ಪ್ಲಗ್ಗಿಗೆ ಬೆನ್ನು ಕೊಟ್ಟು ಕೂತ.

ಹನ್ನೊಂದಕ್ಕೆ ಚಹಾ ಮಾಡುವ ನೀಲಾಬಾಯಿ ಕರೆಂಟಿನ ಕೆಟಲ್ ಹಿಡಿದು ಬಂದಳು. "ಸಾಹೇಬ, ಸರಕೊಳ್ರಿ ಜರಾ. ಕ್ಯಾಂಟೀನಿನ ಪ್ಲಗ್ ಖರಾಬ್ ಆಗೇದ."

"ಇಲ್ಲಿ ಆಗಲ್ಲ ಬಾಯಿ."

"ಐದು ಮಿನಿಟ್!"

"ಐದು ಸೆಕೆಂಡೂ ಆಗಲ್ಲ!" ಎಂದು ತಿರುಮಲೇಶ ಎರಡೂ ಕೈ ಚಾಚಿ ಗೋಡೆಗೆ ಅಂಟಿಕೊಂಡ. ಅಂದು ಇಡೀ ಆಫೀಸಿಗೆ ಚಹಾ ಇಲ್ಲ. ಕಂಪ್ಯೂಟರ್ ಸಾಹೇಬರಿಗೆ ಏನೋ ಹಿಡಕೊಂಡಿದೆ ಎಂದು ನೀಲಾಬಾಯಿ ಮೂರೂ ಮಹಡಿಗೆ ಸುದ್ದಿ ಮುಟ್ಟಿಸಿದಳು.

ಸುದ್ದಿ ಕೇಳಿ ಹೆಡ್ ಕ್ಲಾರ್ಕ್ ಶಾಮಣ್ಣ ಬಂದರು. ಅಷ್ಟು ಹೊತ್ತಿಗೆ ಏಸಿ ಕೆಟ್ಟು, ಮಷೀನು ದೋಸೆ ಕಾವಲಿಯಂತೆ ಕಾದಿತ್ತು. ತಿರುಮಲೇಶ ಅದಕ್ಕೆ ಪೇಪರಿನಿಂದ ಗಾಳಿ ಹಾಕುತ್ತಿದ್ದ.

"ಏನಪ್ಪಾ, ಬಾಣಂತಿಗೆ ಮಾಡೋ ಹಾಗೆ ಆರೈಕೆ ಮಾಡ್ತಿದೀಯಲ್ಲ! ನನ್ನ ಹೆಸರು ಒಳಗೆ ಕ್ಷೇಮವಾಗಿದೆ ತಾನೇ?"

"ಎಲ್ಲರದ್ದೂ ಕ್ಷೇಮವಾಗಿದೆ ಶಾಮಣ್ಣನವರೇ. ನೀವು ಅದರ ಮೇಲೆ ಕೈ ಮಾತ್ರ ಇಡಬೇಡಿ."

"ಕೈ ಯಾಕೆ ಇಡಲಿ?" ಎಂದ ಶಾಮಣ್ಣ ಜೇಬಿನಿಂದ ಪೊಟ್ಟಣ ತೆಗೆದು ಮಷೀನಿನ ನೆತ್ತಿಗೆ ಕುಂಕುಮವಿಟ್ಟು ಹೋದರು. ಕುಂಕುಮ ಫ್ಯಾನಿನೊಳಕ್ಕೆ ಹೋಗದಂತೆ ತಿರುಮಲೇಶ ಅದನ್ನು ಕರವಸ್ತ್ರದಿಂದ ಒಂದೊಂದೇ ಕಣ ಹೆಕ್ಕಿದ. ಊಟಕ್ಕೂ ಏಳಲಿಲ್ಲ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ನಾಲ್ಕು ತುತ್ತು ನುಂಗಿದ.

ಎರಡಕ್ಕೆ ಎಲೆಕ್ಟ್ರಿಷಿಯನ್ ಪರಪ್ಪ ಬಂದ. "ಸಾಹೇಬ್ರ, ಮೇನ್ ಫ್ಯೂಜ್ ಸುಟ್ಟು ವಾಸನಿ ಹೊಡ್ಯಾಕತ್ತೇತ್ರಿ. ಈಗ ಬದಲಿ ಮಾಡದಿದ್ರ ಬಿಲ್ಡಿಂಗ ಹತ್ತಿ ಉರೀತೇತಿ. ಇಪ್ಪತ್ತು ಮಿನಿಟ್ ಕರೆಂಟ್ ಬಂದ್."

ತಿರುಮಲೇಶ ಅವನ ಕೈ ಹಿಡಿದುಕೊಂಡ. "ಬ್ಯಾಟರಿ ಇದೆಯಲ್ಲಾ ಪರಪ್ಪಾ?"

"ಐತ್ರಿ. ಆದ್ರ ಎರಡೂ ಮಷೀನ್ ನಡದ್ರ ಹತ್ತು ಮಿನಿಟಿಗೆ ಕುಂತ್ ಬಿಡ್ತೇತಿ. ಒಂದ ಇದ್ರ ಅರ್ಧಾ ತಾಸು ತಡೀತೇತಿ."

ಮೂಲೆಯಲ್ಲಿ ಹೊಸ ಮಷೀನು ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು. ತಿರುಮಲೇಶ ಇನ್ನೂ ಯಾವ ಕೆಲಸಕ್ಕೂ ಹಚ್ಚದ ಮಷೀನು ಅದು. "ದಂಡಪಿಂಡ! ಸುಮ್ಮನೆ ಕೂತು ಕರೆಂಟು ತಿನ್ನುತ್ತಿದೆ. ಅದನ್ನು ಆರಿಸು."

"ನೀವ ಆರಸ್ರಿ. ನಾಳೆ ನನ್ನ ಮ್ಯಾಲೆ ಬರೂದು ಬ್ಯಾಡ."

ತಿರುಮಲೇಶ ಹಿಂದುಮುಂದು ನೋಡದೆ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಕರೆಂಟು ಹೋಯಿತು, ಬ್ಯಾಟರಿ ಕುಂಯ್ ಎಂದಿತು, ಅವನು ಬಲ್ಲ ದೇವರನ್ನೆಲ್ಲ ಕರೆದ. ಇಪ್ಪತ್ತೆರಡನೇ ನಿಮಿಷಕ್ಕೆ ದೀಪ ಹತ್ತಿದಾಗ ಹಳೆಯ ಮಷೀನು ಜೀವಂತವಾಗಿತ್ತು. ತಿರುಮಲೇಶ ಪರಪ್ಪನನ್ನು ತಬ್ಬಿಕೊಂಡುಬಿಟ್ಟ.

ಐದಕ್ಕೆ ಕೋಣೆ ತುಂಬ ಜನ. ಅಂಗಡಿ ಅಂಗಡಿ ಅಲೆದು ಆಗಷ್ಟೇ ಮರಳಿದ ಶೇಖರನೂ ರಿಬ್ಬನ್ ಸಿಕ್ಕಿಸಿ, ಕೈಯೆಲ್ಲ ಮಸಿ ಮಾಡಿಕೊಂಡು ನಿಂತ. ಹಂಚಿನಮನಿ ಸಾಹೇಬರು ತಲೆಯಾಡಿಸಿದರು. ಪ್ರಿಂಟರು ಒಮ್ಮೆ ಕರ್ರೆಂದು ಸುಮ್ಮನಾಯಿತು.

ಸಾಹೇಬರು ಕಾಗದ ಹರಿದು ಓದಿದರು. "ಒಂದು, ತಿರುಮಲೇಶ. ಒಟ್ಟು ಅರ್ಜಿ, ಒಂದು." ಕನ್ನಡಕ ತೆಗೆದರು. "ಏನಪಾ ಇದು? ನಲವತ್ತು ಮಂದಿ ಮುಂಜಾನೆಯಿಂದ ಕೀ ಬಡದಾರ. ಅವರನ್ನೆಲ್ಲಾ ನುಂಗಿ ನೀ ಒಬ್ಬನ ಉಳದಿ?"

"ಅಯ್ಯೋ ದ್ರೋಹಿ! ನನ್ನ ಕುಂಕುಮ ದಂಡ!" ಎಂದು ಶಾಮಣ್ಣ ಕೂಗಿದರು.

"ಗಲಾಟೆ ಬೇಡ. ಹೆಸರೆಲ್ಲ ಹೊಸ ಮಷೀನಿನಲ್ಲಿ ಉಂಟು ಸರ್" ಎಂದ ಶೇಖರ. "ಹಳೇದು ಬಿಸಿ ಆಗ್ತದೆ ಅಂತ ನಾನೇ ಬೆಳಿಗ್ಗೆ ಎಲ್ಲ ಕಡೆಯ ತಂತಿಯನ್ನೂ ಹೊಸದಕ್ಕೆ ಜೋಡಿಸಿ, ಅದೇ ಪ್ರೋಗ್ರಾಮನ್ನು ಅದರಲ್ಲಿ ಓಡಿಸಿದ್ದೆ." ಮೂಲೆಗೆ ತಿರುಗಿದವನ ಮುಖ ಸಪ್ಪಗಾಯಿತು. "ಇದನ್ನು ಆರಿಸಿದ್ದು ಯಾರು ಮಾರಾಯ್ರೇ?"

ಪರಪ್ಪ ಸೂರು ನೋಡಿದ. ತಿರುಮಲೇಶ ತನ್ನ ಹೆಬ್ಬೆರಳು ನೋಡಿಕೊಂಡ. ಇಡೀ ದಿನ ಅವನು ಬೆವರು ಸುರಿಸಿ ಕಾದದ್ದು ಒಂದೇ ಒಂದು ಹೆಸರನ್ನು, ತನ್ನದನ್ನು.

"ಮಷೀನ್ ಗಿಷೀನ್ ಸಾಕು" ಎಂದರು ಸಾಹೇಬರು. "ನಾಳೆ ಮುಂಜಾನೆ ಏಳಕ್ಕ ಗೇಟಿನ ಮುಂದ ಪಾಳಿ. ಮೊದಲಿನ ಇಬ್ಬರಿಗೆ ಮನಿ."

ಮಾತು ಮುಗಿಯುವ ಮೊದಲೇ ಕೋಣೆ ಖಾಲಿ. ತಿರುಮಲೇಶನೂ ಓಡಲು ಹೊರಟ. "ನೀ ಎಲ್ಲಿ? ನಿಲ್ಲು" ಎಂದು ಸಾಹೇಬರು ಅವನನ್ನು ನಿಲ್ಲಿಸಿಕೊಂಡು ಹದಿನೈದು ನಿಮಿಷ ಬೈದರು.

ಅವನು ಕೆಳಗೆ ಬರುವಷ್ಟರಲ್ಲಿ ಗೇಟಿನಿಂದ ಗೋಡೆಗುಂಟ ಸಾಲು ಬೆಳೆದಿತ್ತು. ಜನರದ್ದಲ್ಲ. ಚಾಳೆಂಬ ವಠಾರದ ನಲ್ಲಿಯ ಮುಂದೆ ರಾತ್ರಿಯೇ ಬಕೆಟು ಇಟ್ಟು ಮಲಗಿ ಬೆಳೆದ ಊರು ಅದು. ಇಟ್ಟ ವಸ್ತುವೇ ಪಾಳಿ, ಅದನ್ನು ಯಾರೂ ಮುಟ್ಟುವುದಿಲ್ಲ. ಮೊದಲು ಪರಪ್ಪನ ಸಾಮಾನಿನ ಚೀಲ, ಆಮೇಲೆ ನೀಲಾಬಾಯಿಯ ಕೆಟಲು, ಆಮೇಲೆ ಛತ್ರಿ, ಡಬ್ಬಿ, ಚಪ್ಪಲಿ. ವಸ್ತುಗಳನ್ನು ಇಟ್ಟವರು ಆಗಲೇ ಲೋಕಲ್ ಹಿಡಿಯಲು ಹೋಗಿದ್ದರು. ಶೇಖರ ಮಾತ್ರ ಕೊನೆಯಲ್ಲಿ ಎಡಗಾಲಿನ ಚಪ್ಪಲಿ ಬಿಟ್ಟು, ಬಲಗಾಲಿನದರಲ್ಲೇ ಕುಂಟುತ್ತ ಸ್ಟೇಶನ್ನಿನ ಕಡೆ ಹೊರಟಿದ್ದ.

"ಬೇಗ ಇಡು ಮಾರಾಯ, ನನ್ನದು ನಲವತ್ತನೆಯದು. ಇದು ಕರೆಂಟು ಹೋದ್ರೂ ಅಳಿಸೋದಿಲ್ಲ" ಎಂದ.

ತಿರುಮಲೇಶ ಬೇರೇನೂ ತೋಚದೆ ಊಟದ ಡಬ್ಬಿಯನ್ನೇ ಚಪ್ಪಲಿಯ ಪಕ್ಕದಲ್ಲಿಟ್ಟ. ವಾಚ್‌ಮನ್ ಸಾಲಿನ ವಸ್ತುಗಳನ್ನು ಯಾರದೆಂದು ಎಣಿಸುತ್ತ ಬಂದು, ಬಗ್ಗಿ, ಮುಚ್ಚಳದ ಮೇಲೆ ಕೆತ್ತಿದ್ದನ್ನು ನಿಧಾನವಾಗಿ ಓದಿ, ತನ್ನ ಚೀಟಿಯಲ್ಲಿ ಬರೆದುಕೊಂಡ.

ನಲವತ್ತೊಂದು, ಬಿ. ರಾಮಸ್ವಾಮಿ, ಬೊರಿವಲಿ.