ಹಳೇ ಫೋನಿಗೆ ಹೊಸ ಕಸಿ

ತನುಜಾ: ಅಲ್ಲಾ ರೀ, ಮಳೆಗಾಲ ಪೂರ್ತಿ ಕಂಬಳಿ ಹೊದ್ದು ಕೂತಿದ್ರಲ್ಲ, ಆಗ ಮಾಡ್ಬಾರ್ದಿತ್ತಾ ಇದನ್ನ? ಕೃಷ್ಣಪ್ಪ ಫೋನ್ ಮಾಡೋ ದಿನಾನೇ ಅದರ ಹೊಟ್ಟೆ ಬಗೀಬೇಕಿತ್ತಾ?

ವೀರೇಂದ್ರ: ಹೊಟ್ಟೆ ಬಗೀತಿಲ್ಲ ಮಾರಾಯ್ತಿ. ಕಂಪನಿಯವ್ರು ಈ ಫೋನಿಗೆ ಇನ್ನು ಸೆಕ್ಯುರಿಟಿ ಅಪ್‌ಡೇಟ್ ಇಲ್ಲ ಅಂತ ಕೈ ತೊಳ್ಕೊಂಡಿದ್ದಾರೆ. ಅರ್ಧ ಆ್ಯಪ್ ತೆರೀತಾನೇ ಇಲ್ಲ. ಯಾರೋ ಪುಣ್ಯಾತ್ಮರು ಬೇರೆ ಆಪರೇಟಿಂಗ್ ಸಿಸ್ಟಮ್ ಬರೆದು ಪುಕ್ಕಟೆ ಬಿಟ್ಟಿದ್ದಾರೆ. ಅದನ್ನ ಹಾಕಿದ್ರೆ ಫೋನು ಇನ್ನೂ ನಾಲ್ಕು ವರ್ಷ ಓಡುತ್ತೆ.

ಆಲ್ದೂರಿನಾಚೆಯ ತೋಟದ ಮನೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ಅದಕ್ಕೆ ಕೇಬಲ್ಲಿನಿಂದ ಕಟ್ಟಿಹಾಕಿದ ಹಳೇ ಫೋನು. ಹೊರಗೆ ರೋಬಸ್ಟಾ ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರುತ್ತಿತ್ತು. ಕುಯ್ಯುವ ಆಳುಗಳ ತಂಡವಿದ್ದದ್ದು ಸಂಸೆ ಕಡೆಯ ಮೇಸ್ತ್ರಿ ಕೃಷ್ಣಪ್ಪನ ಕೈಯಲ್ಲಿ. ಹನ್ನೊಂದಕ್ಕೆ ಫೋನ್ ಮಾಡುತ್ತೇನೆ, ಎತ್ತದಿದ್ದರೆ ಪಕ್ಕದ ರುದ್ರೇಶನ ಎಸ್ಟೇಟಿಗೆ ಹೋಗುತ್ತೇನೆ ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ. ಆದರೆ ಇದು ಅರ್ಧ ಗಂಟೆ ಕೆಲಸ ಎಂದು ಯಾವುದೋ ವಿಡಿಯೋ ಹೇಳಿತ್ತು, ವೀರೇಂದ್ರ ನಂಬಿದ್ದ. ನೀರಿನ ಪಂಪನ್ನು ತಾನೇ ಬಿಚ್ಚಿ, ತಾನೇ ಜೋಡಿಸಿ, ಎರಡು ಬೋಲ್ಟು ಉಳಿಸಿದವನು ಎಂಬ ಧೈರ್ಯ ಬೇರೆ.

ವೀರೇಂದ್ರ: ನಿಂಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಕೇಳು. ಹಳೇ ಕಾಫಿ ಗಿಡ ಕಿತ್ತು ಎಸೀತೀವಾ? ಇಲ್ಲ. ಬೊಡ್ಡೆ ಉಳಿಸ್ಕೊಂಡು ಹೊಸ ಜಾತಿ ಕಸಿ ಕಟ್ತೀವಿ. ಇದೂ ಅಷ್ಟೇ.

ತನುಜಾ: ಕಸಿ ಗಿಡ ಫಸಲಿಗೆ ಬರೋಕೆ ಎರಡು ಮೂರು ವರ್ಷ ಬೇಕು. ಕೃಷ್ಣಪ್ಪ ಇನ್ನು ಹತ್ತು ನಿಮಿಷಕ್ಕೆ ಮಾಡ್ತಾನೆ.

ವೀರೇಂದ್ರ: ಅಷ್ಟರಲ್ಲಿ ಆಗುತ್ತೆ ಬಿಡು.

ತನುಜಾ: ಕಸಿಗೆ ಮುಂಚೆ ಮೇಲಿರೋದನ್ನೆಲ್ಲ ಕಡೀತೀವಲ್ಲ. ಹಾಗಾದ್ರೆ ಫೋನಲ್ಲಿದ್ದ ನಂಬರ್‌ಗಳು?

ಎಲ್ಲವೂ ಅಳಿಸಿಹೋಗುತ್ತದೆ ಎಂದು ಆ ಪುಣ್ಯಾತ್ಮರು ಕೆಂಪಕ್ಷರದಲ್ಲೇ ಬರೆದಿದ್ದರು. ವೀರೇಂದ್ರ ಅದನ್ನು ‘ಸರಿ’ ಒತ್ತಿದ ಮೇಲೆ ಓದಿದ್ದ.

ವೀರೇಂದ್ರ: ನಂಬರ್ ಯಾಕೆ ಬೇಕು? ಅವನೇ ಮಾಡ್ತಾನಲ್ಲ.

ತನುಜಾ: ಅದಲ್ಲ ರೀ, ಆ ಸಿಮ್ಮು...

ವೀರೇಂದ್ರ: ಸ್ವಲ್ಪ ಸುಮ್ನಿರು. ಇದು ಟೆಕ್ನಿಕಲ್, ನಿಂಗೆ ಗೊತ್ತಾಗಲ್ಲ.

ಅಷ್ಟರಲ್ಲಿ ಫೋನಿನ ಪರದೆ ಬೆಳಗಿತು. ಹೊಸ ಬಣ್ಣ, ಹೊಸ ಗಡಿಯಾರ, ಒಳ್ಳೇ ಮದುಮಗನ ಕಳೆ. ವೀರೇಂದ್ರ ಎದ್ದು ನಿಂತು ಚಪ್ಪಾಳೆ ತಟ್ಟಿಯೇಬಿಟ್ಟ. ಆಮೇಲೆ ಮೂಲೆಯಲ್ಲಿದ್ದ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: ‘ಸಿಮ್ ಇಲ್ಲ’.

ವೀರೇಂದ್ರ: ಅಯ್ಯಯ್ಯೋ! ಸಿಮ್ಮೇ ಗುರುತು ಹಿಡೀತಿಲ್ಲ! ಫೈಲೇ ತಪ್ಪು ಹಾಕಿದ್ನೋ ಏನೋ!

ತನುಜಾ: ರೀ, ಅದೇ ಹೇಳೋಕೆ ಬಂದೆ...

ವೀರೇಂದ್ರ: ಏನೂ ಹೇಳ್ಬೇಡ! ಮೊದ್ಲಿಂದ ಮತ್ತೆ ಹಾಕ್ತೀನಿ.

ತನುಜಾ: ಹಾಕ್ಕೊಳ್ಳಿ. ನಾವೇ ಕುಯ್ದಷ್ಟು ಕಾಫಿ ಕಣದಲ್ಲಿದೆ, ತಿರುವಿ ಹಾಕಿ ಬರ್ತೀನಿ.

ಅವಳು ಕಾಫಿ ಒಣಗಿಸುವ ಕಣಕ್ಕೆ ಹೋದಳು. ವೀರೇಂದ್ರ ಎರಡನೇ ಸಲ ಎಲ್ಲವನ್ನೂ ಅಳಿಸಿ ಹಾಕಿದ. ಮತ್ತೆ ಅದೇ ಕಳೆ, ಮೂಲೆಯಲ್ಲಿ ಮತ್ತೆ ಅದೇ ‘ಸಿಮ್ ಇಲ್ಲ’. ಗೋಡೆ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಒಂದು ವರ್ಷದ ಫಸಲನ್ನು ತಾನೇ ಕೈಯಾರೆ ನೆಲದ ಪಾಲು ಮಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಕೂತ. ತನುಜಾ ಕೈ ಕೊಡವಿಕೊಂಡು ಒಳಗೆ ಬಂದಳು.

ವೀರೇಂದ್ರ: ಜೀಪಿನ ಕೀ ಕೊಡು. ಸಂಸೆಗೆ ಹೋಗಿ ಕೃಷ್ಣಪ್ಪನವ್ರ ಕಾಲಾದ್ರೂ ಹಿಡೀತೀನಿ.

ತನುಜಾ: ಏನ್ರೀ, ಇದ್ದಕ್ಕಿದ್ದ ಹಾಗೆ ಕೃಷ್ಣಪ್ಪನವ್ರಾದ್ರಾ?

ವೀರೇಂದ್ರ: ನಗ್ಬೇಡ. ನನ್ನಂಥ ಪೆದ್ದ ಈ ತಾಲ್ಲೂಕಲ್ಲೇ ಇಲ್ಲ. ಚೆನ್ನಾಗಿ ಮಾತಾಡ್ತಿದ್ದ ಫೋನನ್ನ ಮೂಗ ಮಾಡಿ ಕೂರಿಸಿದೀನಿ.

ತನುಜಾ: ಫೋನು ಮೂಗ ಆಗಿಲ್ಲ, ನೀವು ಕಿವುಡರಾಗಿದ್ರಿ. ಕೇಬಲ್ ಹುಡುಕೋಕೆ ಅಟ್ಟ ಹತ್ತಿದ್ರಲ್ಲ, ಆಗ್ಲೇ ಸಿಮ್ ತೆಗೆದು ನನ್ನ ಬಟನ್ ಫೋನಿಗೆ ಹಾಕ್ಕೊಂಡೆ. ಕೃಷ್ಣಪ್ಪ ಮಾಡಿದ್ದ. ಕಣದಲ್ಲೇ ಮಾತಾಡಿದೆ.

ವೀರೇಂದ್ರ ಸಿಮ್ ಕೂರುವ ಜಾಗವನ್ನು ತೆಗೆದು ನೋಡಿದ. ಖಾಲಿ. ಅದನ್ನು ಮೊದಲೇ ನೋಡದೆ ಎರಡೆರಡು ಸಲ ಇಡೀ ಫೋನು ತೊಳೆದಿದ್ದ.

ವೀರೇಂದ್ರ: ಬರ್ತಾರಂತಾ?

ತನುಜಾ: ಮಧ್ಯಾಹ್ನಕ್ಕೇ ಬರ್ತಾರೆ, ಪೂರ್ತಿ ತಂಡ.

ವೀರೇಂದ್ರ: ರುದ್ರೇಶ ಆಳುಗಳ ಲೈನ್ ಮನೆಗೆಲ್ಲ ಹೊಸ ಶೀಟ್ ಹಾಕ್ಸಿದ್ದಾನೆ. ಅದನ್ನ ಬಿಟ್ಟು ಇಲ್ಲಿಗೆ? ಏನು ಒಪ್ಪಿಕೊಂಡೆ ನೀನು?

ತನುಜಾ: ನೀವ್ಯಾಕೆ ಎತ್ತಿದ್ರಿ ಅಮ್ಮ ಅಂತ ಕೇಳ್ದ. ಸಾರ್ ಹಳೇ ಫೋನಿಗೆ ಹೊಸ ಸಿಸ್ಟಮ್ ಹಾಕ್ತಿದ್ದಾರೆ ಅಂದೆ. ‘ಹೌದಾ? ನಮ್ಮ ಗುಂಪಲ್ಲಿ ಎಲ್ಲರ ಫೋನಿಗೂ ಅದೇ ಗೋಳು. ಸಾರ್ ಮಾಡಿಕೊಡೋದಾದ್ರೆ ರುದ್ರೇಶ್ ಸಾರ್ ತೋಟಕ್ಕೆ ಯಾಕೆ ಹೋಗೋಣ’ ಅಂದ. ಮಾಡಿಕೊಡ್ತಾರೆ ಅಂದೆ.

ವೀರೇಂದ್ರ: ಎಲ್ಲರದ್ದೂನಾ? ಒಂದೊಂದು ಫೋನಿಗೂ ಅದರದ್ದೇ ಫೈಲ್ ಬೇಕು ಕಣೇ! ಕೆಲವಕ್ಕೆ ಸಿಗೋದೂ ಇಲ್ಲ! ಇದು ಆನ್ ಆಗಿದ್ದೇ ನನ್ನ ಪುಣ್ಯ!

ತನುಜಾ: ಅದೆಲ್ಲ ಟೆಕ್ನಿಕಲ್. ನಂಗೆ ಗೊತ್ತಾಗಲ್ಲ.

ಮಧ್ಯಾಹ್ನ ಕೃಷ್ಣಪ್ಪನ ಜೀಪು ಬಂತು. ಆಳುಗಳು ಚೀಲ ಹೆಗಲಿಗೇರಿಸಿ ತೋಟಕ್ಕಿಳಿದರು. ಕೃಷ್ಣಪ್ಪ ಮಾತ್ರ ಒಳಗೆ ಬಂದು, ಕೈಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಒಡೆದ ಗಾಜಿನವು, ರಬ್ಬರ್ ಬ್ಯಾಂಡ್ ಸುತ್ತಿದವು, ಬೆನ್ನು ಉಬ್ಬಿದವು, ನಾನಾ ಜಾತಿಯ ಫೋನುಗಳು ರಾಶಿ ಬಿದ್ದವು. ವೀರೇಂದ್ರ ಒಂದನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟ.

ವೀರೇಂದ್ರ: ಕೃಷ್ಣಪ್ಪ, ನಿಜ ಹೇಳ್ತೀನಿ. ಈ ಕೆಲಸ ನಂಗೆ ಇವತ್ತಿಂದ ಅಷ್ಟೇ ಗೊತ್ತು.

ಕೃಷ್ಣಪ್ಪ ಒಂದು ಕುರ್ಚಿ ಎಳೆದುಕೊಂಡು, ಕೆಲಸ ಕಾಣುವಂತೆ ಎದುರಿಗೇ ಕೂತ.

ಕೃಷ್ಣಪ್ಪ: ಕುಯ್ಯೋಕೆ ಬರೋ ಹೊಸಬ್ರಿಗೆ ಮೊದಲ್ನೇ ದಿನ ನಾನು ಬೈಯಲ್ಲ ಸಾರ್. ನಿಧಾನಕ್ಕೆ ಮಾಡಿ. ನೆಲಕ್ಕೆ ಮಾತ್ರ ಉದುರಿಸ್ಬೇಡಿ.