ಇಟಲಿಯವರು ಬಡವರಾದ ವರ್ಷ

ಜನವರಿ ಹನ್ನೊಂದು, ಭಾನುವಾರ; ಬೆಳಗ್ಗೆ ಹತ್ತೂಕಾಲಿಗೆ ಬರೆಯಲು ಕೂತಿದ್ದೇನೆ. ಅಚ್ಚುಕಟ್ಟುತನ ಒಂದು ಕಾಯಿಲೆಯೆಂದು ಯಾರೂ ಒಪ್ಪುವುದಿಲ್ಲ, ಏಕೆಂದರೆ ಅದು ಬಡಿದವರ ಮೇಜು ನೋಡಲು ಚೆನ್ನಾಗಿರುತ್ತದೆ. ನನಗದು ಚಿಕ್ಕಂದಿನಿಂದ ಇದೆ. ಹಾಲಿನವನು ಬಂದ ವೇಳೆ, ನಾಗಪುರದ ಬಿಸಿಲು, ಅಪ್ಪ ಕನ್ನಡಕ ಕಳೆದುಕೊಂಡ ದಿನಗಳು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ಬೇರೆಬೇರೆ ಬಣ್ಣದ ಗೆರೆಗಳಿವೆ. ಇಂಥವಳು ಅರ್ಥಶಾಸ್ತ್ರವಲ್ಲದೆ ಇನ್ನೇನು ಓದಿಯಾಳು?

ಓದಿದ್ದೇನೋ ಆಯಿತು, ಕೆಲಸ ಸಿಗಲಿಲ್ಲ. ಟ್ಯೂಷನ್ ಹೇಳಿಕೊಂಡು, ಬಸ್ ಪಾಸಿಗೂ ಅಪ್ಪನ ಮುಂದೆ ನಿಲ್ಲುತ್ತಿದ್ದವಳನ್ನು ಕಳೆದ ವಾರ ಹಿಂಗಣಾ ರಸ್ತೆಯ ಕಾಲೇಜೊಂದು ಮಾದರಿ ಪಾಠಕ್ಕೆ ಕರೆಯಿತು. ಯುರೋಪಿನ ಯಾವುದಾದರೂ ಎರಡು ದೇಶಗಳ ತಲಾ ಆದಾಯವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ತೋರಿಸಬೇಕು. ನಾನು ಇಟಲಿ, ಸ್ಪೇನ್ ಆರಿಸಿಕೊಂಡೆ. ನಕಾಶೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದವು, ನೋಡಲು ಚೆನ್ನಾಗಿತ್ತು. ಇಷ್ಟೇ ಕಾರಣ.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಅಪ್ಪ ರೈಲ್ವೆಯಲ್ಲಿ ವರ್ಗವಾಗಿ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದಾಗಿನಿಂದ, ನಾನು ಹೊರಗೆ ಮರಾಠಿಯಲ್ಲೋ ಹಿಂದಿಯಲ್ಲೋ ಆಡಬೇಕಾದ ಭಾಷಣವನ್ನೆಲ್ಲ ಮೊದಲು ಅಡುಗೆಮನೆಯಲ್ಲಿ ಕನ್ನಡದಲ್ಲಿ ಒಪ್ಪಿಸಬೇಕು. "ನಿಮ್ಮವ್ವಗ ತಿಳದ್ರ ಎಲ್ಲಾರಿಗೂ ತಿಳೀತೈತಿ" ಎಂಬುದು ಅಪ್ಪನ ನಂಬಿಕೆ. ಇದು ಹೊಗಳಿಕೆಯೇ ಎಂದು ಅವ್ವನಿಗೆ ಇನ್ನೂ ಅನುಮಾನ.

ಬುಧವಾರ ಸಂಜೆ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ಲ್ಯಾಪ್‌ಟಾಪಿನಲ್ಲಿ ಆದಾಯದ ಗ್ರಾಫ್ ತೋರಿಸಿದೆ. ಸ್ಪೇನಿನ ಹಸಿರು ಗೆರೆ ನೆಲ ಹಿಡಿದು ತೆವಳುತ್ತಿತ್ತು. ಇಟಲಿಯ ಕೆಂಪು ಗೆರೆ ಆಕಾಶದಲ್ಲಿತ್ತು. ಒಂದು ವರ್ಷ ದಬಕ್ಕನೆ ಕೆಳಗೆ ಬಿದ್ದು ಹಸಿರಿನ ಪಕ್ಕದಲ್ಲಿ ಮಲಗಿತ್ತು.

"ಅಯ್ಯ, ಒಂದ ವರ್ಷದಾಗ ಇಷ್ಟು ಬಡವರಾದ್ರಾ? ಯುದ್ಧ ಆತೇನು?" ಎಂದಳು ಅವ್ವ.

"ಇಲ್ಲವ್ವಾ. ಕಾರಖಾನಿ ಮುಚ್ಚಿದ್ವು, ಆಡಳಿತ ಕೆಟ್ಟಿತು, ದೇಶದಾಗ ಮುದುಕರು ಹೆಚ್ಚಾದ್ರು." ಈ ಕಾರಣಗಳನ್ನು ಒಂದು ಇಡೀ ಸಂಜೆ ಕೂತು ನಾನೇ ಯೋಚಿಸಿದ್ದೆ.

"ಒಂದ ವರ್ಷದಾಗ? ಅದರ ಹಿಂದಿನ ವರ್ಷ ಅವರೆಲ್ಲಾ ಹುಡುಗ್ರಿದ್ರೇನು?" ಅಪ್ಪ ಪೇಪರಿನ ಹಿಂದಿನಿಂದಲೇ ಕೇಳಿದರು.

"ಅಪ್ಪಾ, ಮಜಾಕ್ ಬ್ಯಾಡ್ರಿ. ಅಂಕಿ ಬರೋಬರ್ ಅದಾವ."

ಅವ್ವ ನಗಲಿಲ್ಲ. ಸೊಪ್ಪು ಬಿಡಿಸುವುದನ್ನೂ ನಿಲ್ಲಿಸಿದ್ದಳು. "ಆ ವರ್ಷ ಮಕ್ಕಳಿಗೆ ಏನ ಉಣ್ಣಾಕ ಹಾಕಿದ್ರವ್ವಾ ಅವರು? ಮೊದಲ ಅದನ್ನ ನೋಡಿ ಹೇಳು. ಪಾಠ ಆಮ್ಯಾಲೆ."

ಅವಳನ್ನು ಸಮಾಧಾನ ಮಾಡಲೆಂದೇ ಮೂಲ ಕೋಷ್ಟಕ ತೆರೆದೆ. ಅದರ ನೆತ್ತಿಯ ಮೇಲೊಂದು ಸಣ್ಣ ಸಾಲು ಇತ್ತು. ಅಂಚು ದಾಟಿ ಅಂದಗೆಡಿಸುತ್ತಿದೆಯೆಂದು ನನ್ನ ಪ್ರತಿಯಿಂದ ನಾನೇ ಕತ್ತರಿಸಿ ಹಾಕಿದ್ದ ಸಾಲು: ಇಟಲಿಯ ಗೆರೆ ಬಿದ್ದ ಆ ವರ್ಷದವರೆಗಿನ ಅಂಕಿ ಅವರ ಹಳೆಯ ನಾಣ್ಯ ಲೀರಾದಲ್ಲಿ, ಅಲ್ಲಿಂದಾಚೆಗಿನದು ಯೂರೋದಲ್ಲಿ. ಹತ್ತಿರಹತ್ತಿರ ಎರಡು ಸಾವಿರ ಲೀರಾ ಕೊಟ್ಟರೆ ಒಂದು ಯೂರೋ. ಸ್ಪೇನಿನ ಹಳೆಯ ಅಂಕಿಗಳನ್ನು ಯಾರೋ ಪುಣ್ಯಾತ್ಮರು ಮೊದಲೇ ಯೂರೋಗೆ ಬದಲಿಸಿಟ್ಟಿದ್ದರು. ಇಟಲಿಯಲ್ಲಿ ಯಾರ ತುತ್ತೂ ತಪ್ಪಿರಲಿಲ್ಲ. ಅವರ ನಾಣ್ಯ ಬದಲಾಗಿತ್ತು, ಅಷ್ಟೆ.

"ಅವ್ವಾ, ಅವರು ಆರಾಮ ಅದಾರ" ಎಂದೆ.

"ಹಂಗಾರ ಬಡವರಾದವರು ಯಾರು?"

"ನಿನ್ನ ಮಗಳು. ಪೂರಾ ಒಂದು ಪಾಠ ಕಳಕೊಂಡ್ಳು" ಎಂದರು ಅಪ್ಪ.

ಎಲ್ಲವನ್ನೂ ಒಂದೇ ನಾಣ್ಯಕ್ಕೆ ತಂದು, ಬೆಲೆಯೇರಿಕೆಯನ್ನೂ ಕಳೆದು ಮತ್ತೆ ಗೆರೆ ಎಳೆದೆ. ಬಂದದ್ದು ಬಹಳ ಸಪ್ಪೆಯಾದ ಚಿತ್ರ: ಇಟಲಿ ಮುಂದೆ, ಸ್ಪೇನ್ ಹಿಂದೆ, ಬರಬರುತ್ತ ನಡುವಿನ ಅಂತರ ಕಿರಿದು. ಶುಕ್ರವಾರ ಅದನ್ನೇ ತೋರಿಸಿದೆ. "ಅಂತರ ಏಕೆ ಕಿರಿದಾಯಿತು?" ಎಂದರು ಪ್ರಾಚಾರ್ಯರು. ಕಾರ್ಖಾನೆ, ಆಡಳಿತ, ಮುದುಕರು ಮೂರೂ ನಾಲಗೆಯ ತುದಿಗೆ ಓಡಿ ಬಂದವು. ಸೊಪ್ಪು ಹಿಡಿದು ಮರುಗುತ್ತಿದ್ದ ಅವ್ವನ ಮುಖವೂ ಎದುರಿಗೆ ಬಂತು. "ಗೊತ್ತಿಲ್ಲ ಸರ್, ಇನ್ನೂ ಹುಡುಕಬೇಕು" ಎಂದೆ. "ಬೆಳಗಿನಿಂದ ಯಾರಾದರೂ ಹೀಗೆ ಹೇಳಲಿ ಎಂದು ಕಾಯುತ್ತಿದ್ದೆ" ಎಂದು ಅವರು ಮರಾಠಿಯಲ್ಲಿ ನಕ್ಕರು.

ನಿನ್ನೆ ಸಂಜೆ ಫೋನ್ ಬಂತು, ಕೆಲಸ ನನ್ನದಂತೆ. ಇಟಲಿಯ ಮಕ್ಕಳ ಊಟದ ಚಿಂತೆ ಮಾಡಿದ ಅವ್ವನಿಗೆ ಹೇಗೆ ಕೃತಜ್ಞತೆ ಹೇಳಲಿ? ಹೇಳಹೋದರೆ "ಸಾಕ್ ಬಿಡ, ಉಣ್ಣ ಬಾ" ಎನ್ನುತ್ತಾಳೆ.

ಒಂದೇ ತೊಡಕು. ನನ್ನ ಮೊದಲ ತರಗತಿಯಲ್ಲಿ ಪ್ರಾಚಾರ್ಯರ ಆ ಪ್ರಶ್ನೆಗೆ ಉತ್ತರವನ್ನೇ ಪಾಠ ಮಾಡಬೇಕಂತೆ. ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬೇಗ ಬರೆದು ತಿಳಿಸಿ. ಉತ್ತರ ಕೈಸೇರುವವರೆಗೆ ಹುಡುಗರ ಹಾಜರಿಯನ್ನು ಆದಷ್ಟು ನಿಧಾನವಾಗಿ ಕೂಗುತ್ತಿರುತ್ತೇನೆ.