ನಮ್ಮೂರ ಹೆಸರಿನ ಯಜಮಾನರು

ನೆಲ ಒತ್ತುವರಿ ಮಾಡುವವರನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಇವತ್ತು ಗೋಮಾಳ, ನಾಳೆ ಬೇಲಿ, ನಾಡಿದ್ದು ತೆಂಗಿನ ಸಸಿ. ಆದರೆ ಊರಿನ ಹೆಸರನ್ನೇ ಒತ್ತುವರಿ ಮಾಡಬಹುದೆಂದು ನನಗೆ ತಿಳಿದದ್ದು ಈಚೆಗೆ.

ಬೇಲೂರಿನ ಕಾಲೇಜಿನಲ್ಲಿದ್ದಾಗ ನಾನೂ ಬಸದಿ ಬೀದಿಯ ಪದ್ಮಿನಿಯೂ ಸೇರಿ ಹಳೇಬೀಡಿನ ಹೆಸರಿನಲ್ಲೊಂದು ವೆಬ್‌ಸೈಟ್ ಮಾಡಿದ್ದೆವು. ಅದರಲ್ಲಿ ದೇವಸ್ಥಾನ ಇರಲಿಲ್ಲ. ಅದನ್ನು ನೋಡಲು ಪ್ರಪಂಚವೇ ಬಸ್ಸು ಹತ್ತಿ ಬರುತ್ತದೆ. ಇದ್ದದ್ದು ಕೆರೆ ಏರಿಯ ಮೇಲೆ ಸಂಜೆ ನಾನು ತೆಗೆದ ಫೋಟೋಗಳು, ಅವುಗಳ ಕೆಳಗೆ ನಮ್ಮಿಬ್ಬರ ಜಗಳ. ನಾನು ಚೆಂದ ಎಂದರೆ ಅವಳು ಹೂಳು ಎಂದು ಬರೆಯುವಳು. ಆಮೇಲೆ ಅವಳು ಕಾನೂನು ಓದಲು ದಿಲ್ಲಿಗೆ ಹೋದಳು. ವೆಬ್‌ಸೈಟಿನ ಹೆಸರಿಗೆ ವರ್ಷವರ್ಷವೂ ದುಡ್ಡು ಕಟ್ಟಬೇಕು; ಅವಧಿ ಮುಗಿಯಿತೆಂಬ ಎಚ್ಚರಿಕೆ ಅವಳ ಹಳೆಯ ಕಾಲೇಜಿನ ಈಮೇಲ್‌ಗೆ ಬಂದು ಅಲ್ಲೇ ಕೊಳೆಯಿತು. ಈಗ ಆ ವಿಳಾಸ ತೆರೆದರೆ ನಮ್ಮೂರಿನ ಮುಖಂಡರೊಬ್ಬರು ಕೈಮುಗಿದು ನಿಂತಿರುತ್ತಾರೆ. ಫೋಟೋಗಳೇನೋ ನನ್ನ ಹತ್ತಿರ ಇವೆ. ಹೋದದ್ದು ಜಗಳ. ಹೆಸರು ವಾಪಸು ಸಿಕ್ಕರೆ ಪದ್ಮಿನಿಯನ್ನು ಮತ್ತೆ ಜಗಳಕ್ಕೆ ಕೂರಿಸಬಹುದೆಂಬ ಆಸೆಯಿಂದ ಅವರ ಮನೆಗೇ ಹೋದೆ.

"ಊರಿನ ಹೆಸರು ಊರಿಗೆಲ್ಲ ಸೇರಿದ್ದು ಸಾರ್, ಬಿಟ್ಟುಕೊಡಿ" ಎಂದೆ.

"ಬಾರವ್ವ, ಕೂತ್ಕೋ. ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ನನ್ನೇ ಕರೆದಿದ್ರಿ, ಗ್ಯಾನ ಐತಾ? ಇಂಟರ್ನೆಟ್ಟಲ್ಲಿ ಹೆಸರು ಹಂಚೋ ಕೆಲಸಕ್ಕೆ ಯಾವ ಸರ್ಕಾರಾನೂ ಕೈ ಹಾಕಬಾರದು ಅಂತ ನೀನೇ ಮೇಜು ಗುದ್ದಿ ಹೇಳಿದ್ದೆ. ನಿಂಗೆ ಕಪ್ ಕೊಟ್ಟೋನು ನಾನೇ. ಹೆಸರು ಖಾಲಿ ಬಿದ್ದಿತ್ತು, ಯಾವ ಸರ್ಕಾರಾನೂ ಅಡ್ಡ ಬರ್ಲಿಲ್ಲ, ತಗಂಡೆ."

ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಆ ಸ್ಪರ್ಧೆಯಲ್ಲಿ ಸರ್ಕಾರದ ಪರ ವಾದಿಸಿ ಸೋತವಳು ಪದ್ಮಿನಿಯೇ. ಫೋನ್ ಮಾಡಿ ಶರಣಾದೆ: "ನೀನು ಹೇಳಿದ್ದೇ ಸರಿ ಕಣೇ. ಸರ್ಕಾರದ ಕೈಲಿ ಇದ್ದಿದ್ರೆ ಹೆಸರು ಇವರಿಗೆ ಸಿಗ್ತಿರಲಿಲ್ಲ."

"ಅಯ್ಯೋ ಹುಚ್ಚಿ, ಆಗ್ಲೂ ಅವರಿಗೇ ಸಿಗೋದು. ಹೆಸರು ಹಂಚೋ ಸಮಿತಿಗೆ ಅಧ್ಯಕ್ಷರು ಇನ್ಯಾರಾಗ್ತಿದ್ರು?"

"ಮತ್ತೆ ಆವತ್ತು ಯಾಕೆ ಹಾಗೆ ವಾದ ಮಾಡ್ದೆ?"

"ನೀನು ಅದಕ್ಕೆ ಉಲ್ಟಾ ಹೇಳ್ತಿದ್ದೆಯಲ್ಲೇ!" ಎಂದು ನಕ್ಕಳು. ಕ್ಲಾಸಿಗೆ ಹೊತ್ತಾಯಿತೆಂದು ಫೋನಿಟ್ಟಳು. ಆ ನಗುವಿಗೊಂದು ಉತ್ತರ ಬರೆಯಬೇಕೆನಿಸಿತು, ಬರೆಯಲು ಜಾಗವಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಏರಿಯ ಮೇಲೆ ಕೂತು ಆ ವಿಳಾಸ ತೆರೆಯುತ್ತೇನೆ. ನಮ್ಮ ಹಾಗೆ ಅವರೂ ಒಂದು ದಿನ ದುಡ್ಡು ಕಟ್ಟಲು ಮರೆಯಬಹುದಲ್ಲ. ಮೊನ್ನೆ ಬಸ್ ನಿಲ್ದಾಣದಲ್ಲಿ ಮುಖಂಡರು ಎದುರಾದರು, ಮುಖವೆಲ್ಲ ಬೆಳಕು.

"ನೀನೇನಾದ್ರೂ ಅನ್ನು ಕಣವ್ವ, ಜನಕ್ಕೆ ನನ್ನ ಮೇಲೆ ಪ್ರೀತಿ ಐತೆ. ಯಾರೋ ನಮ್ಮೂರೋರೇ ದಿನಾ ಸಂಜೆ ತಪ್ಪದೆ ನನ್ನ ವೆಬ್‌ಸೈಟ್ ನೋಡ್ತಾರಂತೆ, ನಮ್ಮ ಕಂಪ್ಯೂಟರ್ ಹುಡುಗ ಹೇಳ್ದ. ಇಷ್ಟು ಅಭಿಮಾನ ಇಟ್ಕೊಂಡೋರನ್ನ ಬಿಟ್ಟು, ಆ ಹೆಸರು ನಿಂಗೆ ಹೆಂಗವ್ವ ಕೊಡ್ಲಿ?"

ನಾನು ಎದುರಿಗೆ ನಿಂತಿದ್ದ ಅರಸೀಕೆರೆ ಬಸ್ಸು ಹತ್ತಿದೆ. ಹೋಗಬೇಕಾಗಿದ್ದದ್ದು ಬೇಲೂರಿಗೆ.